ವಾಷಿಂಗ್ ಮಷೀನಿಗೆ ಕರ್ಚೀಫು ಹಾಕಿದ್ದು

ಸಾಲಿನಲ್ಲಿ ಮೊದಲಿಗನಾಗಿ ನಿಲ್ಲುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ, ಹುಟ್ಟಿದ್ದರೂ ಅವನು ನನ್ನ ಹಿಂದೆಯೇ ಎಲ್ಲೋ ನಿಂತಿರುತ್ತಾನೆ ಎಂದು ಆ ಶುಕ್ರವಾರ ಸಂಜೆ ನಾನು ಹೆಂಡತಿಯ ಮುಂದೆ ಘೋಷಿಸಿದೆ. ಘೋಷಿಸುವಾಗ ಸೋಫಾದ ಮೇಲೆ ಉದ್ದಕ್ಕೆ ಮಲಗಿದ್ದೆ ಎನ್ನುವುದು ಬೇರೆ ಮಾತು. ವೀರರು ಯುದ್ಧದ ಹಿಂದಿನ ದಿನ ವಿಶ್ರಾಂತಿ ತೆಗೆದುಕೊಳ್ಳುವುದಿಲ್ಲವೇ!

"ಮಾತಲ್ಲೇ ಮನೆ ಕಟ್ಬೇಡಿ" ಎಂದಳು ಅವಳು. "ಮೊದಲು ಬಂದ ಹತ್ತೇ ಜನಕ್ಕಂತೆ. ಅಂಗಡಿ ತೆಗೆಯೋದು ಒಂಬತ್ತಕ್ಕೆ. ನೀವು ಏಳೋದು ಎಂಟೂವರೆಗೆ."

"ನಾಳೆ ನೋಡ್ತಿರು! ಹತ್ತರಲ್ಲಿ ಒಬ್ಬನಾಗಿ ಅಲ್ಲ ಕಣೇ, ಒಂದರಲ್ಲಿ ಒಬ್ಬನಾಗಿ ನಿಲ್ತೀನಿ."

ವಿಷಯ ಇಷ್ಟೇ. ನಮ್ಮ ಮನೆಯಿಂದ ಐದು ಸ್ಟಾಪ್ ಆಚೆ ಒಂದು ದೊಡ್ಡ ಅಂಗಡಿ ಹೊಸದಾಗಿ ಬಾಗಿಲು ತೆರೆಯುವುದಿತ್ತು. ಮೊದಲ ದಿನ ಬಂದ ಮೊದಲ ಹತ್ತು ಗಿರಾಕಿಗಳಿಗೆ ಅರ್ಧ ಬೆಲೆಗೆ ವಾಷಿಂಗ್ ಮಷೀನು ಎಂದು ಕರಪತ್ರ ಹಂಚಿದ್ದರು. ಆ ಕರಪತ್ರವನ್ನು ನನ್ನಾಕೆ ಅಡುಗೆಮನೆಯ ಗೋಡೆಗೆ ಅಂಟಿಸಿ, ಹೋಗುತ್ತಾ ಬರುತ್ತಾ ನೋಡುತ್ತಿದ್ದಳು. ನನ್ನ ಫೋಟೋವನ್ನು ಅವಳು ಅಷ್ಟು ಪ್ರೀತಿಯಿಂದ ನೋಡಿದ್ದು ನನಗೆ ನೆನಪಿಲ್ಲ.

ನಾವು ಪರದೇಶಕ್ಕೆ ಬಂದು ಎಂಟು ತಿಂಗಳಾಗಿತ್ತು. ನನ್ನದು ನೀರಿನ ಪೈಪುಗಳ ನಕ್ಷೆ ಬರೆಯುವ ಕೆಲಸ. ಅವಳದು ಕಟ್ಟಿಸುವ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ದಿನವಿಡೀ ಊರವರ ಹಲ್ಲು ತಿಕ್ಕಿ ನುಣುಪು ಮಾಡಿ ಬರುವವಳ ಮುಂದೆ ನಾನು ಹಲ್ಲು ಕಿಸಿದರೆ ಏನೂ ನಡೆಯುವುದಿಲ್ಲ. ಈ ಎಂಟು ತಿಂಗಳಲ್ಲಿ ಹಾಸಿಗೆ ಬಂತು, ಸೋಫಾ ಬಂತು, ನನ್ನ ಹಠಕ್ಕೆ ಗೋಡೆಯಗಲದ ಟೀವಿಯೂ ಬಂತು. ವಾಷಿಂಗ್ ಮಷೀನು ಮಾತ್ರ "ಮುಂದಿನ ತಿಂಗಳು" ಎನ್ನುವ ಊರಿನಲ್ಲೇ ಉಳಿದುಬಿಟ್ಟಿತು.

ಹಾಗಾಗಿ ಪ್ರತಿ ಭಾನುವಾರ ಅವಳು ಮೂರು ಬೀದಿ ಆಚೆ ಇದ್ದ ಕಾಸು ಹಾಕಿ ಒಗೆಯುವ ಅಂಗಡಿಗೆ ಬಟ್ಟೆಯ ಗಂಟು ಹೊತ್ತು ಹೋಗುತ್ತಿದ್ದಳು. ನಾನು ಹೋಗುತ್ತಿರಲಿಲ್ಲವೇ ಎಂದು ಕೇಳಬೇಡಿ. ಒಮ್ಮೆ ಹೋಗಿದ್ದೆ. ಮಷೀನು ತಿರುಗುವುದನ್ನು ನೋಡುತ್ತಾ ಜೋಂಪು ಹತ್ತಿ, ಎದ್ದು ಗಡಿಬಿಡಿಯಲ್ಲಿ ತುಂಬಿಕೊಂಡು ಬಂದ ಚೀಲ ಬಿಚ್ಚಿದರೆ ಒಳಗೆ ಯಾರದೋ ಕೂಸಿನ ಹದಿನಾಲ್ಕು ಅಂಗಿ! ಅಂದಿನಿಂದ ಆ ಖಾತೆಯನ್ನು ನನ್ನಿಂದ ಕಿತ್ತುಕೊಳ್ಳಲಾಯಿತು. ಆ ಹಿಂದಿನ ಭಾನುವಾರ ಅವಳು ಒದ್ದೆ ಚಾದರಗಳ ಚೀಲ ಇಳಿಸಿ, ಸೊಂಟ ಹಿಡಿದುಕೊಂಡು, ಒಂದು ಮಾತೂ ಆಡದೆ ಗೋಡೆಗೆ ಒರಗಿ ನಿಂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಮ್ಮನಿದ್ದಳಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ. ಈ ಸಲ ಏನಾದರೂ ಆಗಲಿ, ಆ ಮಷೀನನ್ನು ಮನೆಗೆ ತಂದೇ ತರುತ್ತೇನೆ ಎಂದು ಅವತ್ತೇ ತೀರ್ಮಾನಿಸಿದ್ದೆ.

ಶನಿವಾರ ಬೆಳಿಗ್ಗೆ ಆರೂವರೆಗೆ ನಾನು ಅಂಗಡಿಯ ಬಾಗಿಲಲ್ಲಿದ್ದೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ನಾನೇ ಮೊದಲಿಗ, ನಾನೇ ಕೊನೆಯವ, ನಡುವಿನವನೂ ನಾನೇ! ಕೈಯಲ್ಲಿ ಹೆಂಡತಿ ತುಂಬಿಸಿಕೊಟ್ಟ ನೀಲಿ ಬ್ಯಾಗು. ಒಳಗೇನಿದೆ ಎಂದು ಕೇಳುವ ಪುರುಸೊತ್ತು ನನಗಿರಲಿಲ್ಲ.

ಹದಿನೈದು ನಿಮಿಷ ಸೆಟೆದು ನಿಂತೆ. ಇಪ್ಪತ್ತನೆಯ ನಿಮಿಷಕ್ಕೆ ಚಳಿ ಪ್ಯಾಂಟಿನೊಳಗೆ ಹತ್ತತೊಡಗಿತು. ಇಪ್ಪತ್ತೈದನೆಯ ನಿಮಿಷಕ್ಕೆ, ಚಳಿಯಲ್ಲಿ ನಿಂತ ಯಾವ ಮನುಷ್ಯನಿಗೂ ಬರುವ ಆ ಅವಸರ ಬಂತು. ಬೀದಿಯ ಕೊನೆಯಲ್ಲಿ ಒಂದು ಕಾಫಿ ಅಂಗಡಿ ದೀಪ ಹಚ್ಚಿಕೊಂಡು ನನ್ನನ್ನೇ ಕರೆಯುತ್ತಿತ್ತು. ಹೋದರೆ ಜಾಗ ಹೋಗುತ್ತದೆ, ಹೋಗದಿದ್ದರೆ ಮಾನ ಹೋಗುತ್ತದೆ!

ಆಗ ನನ್ನ ಕೈ ತಾನಾಗಿ ಜೇಬಿಗಿಳಿದು ಕರ್ಚೀಫನ್ನು ಹೊರತೆಗೆಯಿತು.

ನಮ್ಮ ಕಡೆಯ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಕರ್ಚೀಫು ಎಸೆದರೆ ಆ ಸೀಟು ನಮ್ಮದು. ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊಹರು ಒತ್ತಿಸಿದ ಪತ್ರಕ್ಕಿಂತ ಅದು ಗಟ್ಟಿ. ಹೊಸದಾಗಿ ಮದುವೆಯಾದಾಗ ಅತ್ತೆಮನೆಯವರನ್ನೆಲ್ಲ ಕರೆದುಕೊಂಡು ಹೊರಟಿದ್ದೆ. ಒಂದು ಕರ್ಚೀಫು, ಒಂದು ಟವೆಲ್ಲು, ಒಂದು ಮಡಚಿದ ಛತ್ರಿ, ಇಷ್ಟರಿಂದಲೇ ಏಳು ಸೀಟು ಹಿಡಿದಿದ್ದೆ. "ಅಳಿಯಂದಿರು ಸಾಮಾನ್ಯದವರಲ್ಲ" ಎಂದು ಮಾವನವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಇಂಥ ಪರಂಪರೆಯವನು ಜುಜುಬಿ ಒಂದು ಅಂಗಡಿಯ ಬಾಗಿಲಲ್ಲಿ ಸೋಲುವುದುಂಟೇ?

ಬ್ಯಾಗನ್ನು ಬಾಗಿಲಿಗೆ ಒತ್ತಿ ಇಟ್ಟೆ. ಗಾಳಿಗೆ ಹಾರದಿರಲಿ ಎಂದು ಕೆಂಪು ಕರ್ಚೀಫಿನ ಒಂದು ತುದಿಯನ್ನು ಬ್ಯಾಗಿನ ಹಿಡಿಗೂ ಇನ್ನೊಂದು ತುದಿಯನ್ನು ಅಂಗಡಿಯ ಬಾಗಿಲ ಹಿಡಿಗೂ ಗಂಟು ಹಾಕಿದೆ. ಎರಡು ಗಂಟು! ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ನನಗೇ ನನ್ನ ಮೇಲೆ ಗೌರವ ಹುಟ್ಟಿತು.

ಕಾಫಿ ಅಂಗಡಿಯ ಶೌಚಾಲಯ ಮುಗಿಸಿ, ಒಂದು ಕಾಫಿ ಕುಡಿದೆ. ಒಳಗೆ ಬೆಚ್ಚಗಿತ್ತು. ಅಷ್ಟು ದೂರ ಬಂದ ಮೇಲೆ ಇನ್ನೊಂದು ಕುಡಿಯದಿದ್ದರೆ ಹೇಗೆ? ಜಾಗ ಕಾಯಲು ಕರ್ಚೀಫು ಇದೆಯಲ್ಲ! ಹೀಗೆ ಒಟ್ಟು ನಲವತ್ತು ನಿಮಿಷ ಕಳೆದು, ಮೀಸೆ ಒರೆಸಿಕೊಳ್ಳುತ್ತಾ ಹೊರಗೆ ಬಂದರೆ, ಬೀದಿಯೇ ಬದಲಾಗಿತ್ತು.

ಅಡ್ಡಕ್ಕೆ ಹಳದಿ ಪಟ್ಟಿ ಕಟ್ಟಿದ್ದರು. ಮೂರು ಪೊಲೀಸ್ ವ್ಯಾನು ನಿಂತಿದ್ದವು. ಜನರನ್ನೆಲ್ಲ ಎದುರಿನ ಪಾರ್ಕಿಗೆ ಅಟ್ಟಿದ್ದರು. ಪಟ್ಟಿಯ ಈಚೆ ಒಬ್ಬ ಅಜ್ಜಿ ತನ್ನ ಗಾಲಿಯ ಚೀಲ ಹಿಡಿದು ನಿಂತಿದ್ದಳು. ಏನಾಯಿತು ಎಂದು ಅವರ ಭಾಷೆಯಲ್ಲಿ ಕೇಳಿದೆ. ಅವರ ಭಾಷೆ ನನಗೆ ಬರುವುದು ಅರ್ಧ. ಆ ಅರ್ಧದಲ್ಲಿ ವ್ಯಾಕರಣ ಇಲ್ಲ. ಇಲ್ಲಿಂದ ಮುಂದೆ ಅವರ ಮಾತನ್ನೆಲ್ಲ ನಮ್ಮ ಭಾಷೆಗೆ ತಿರುಗಿಸಿ ಹೇಳುತ್ತೇನೆ.

"ಯಾರೋ ಅಂಗಡಿ ಬಾಗಿಲಲ್ಲಿ ಬ್ಯಾಗ್ ಬಿಟ್ಟು ಓಡಿಹೋಗಿದ್ದಾನಪ್ಪ" ಎಂದಳು ಅಜ್ಜಿ. "ನಾನೇ ಮೊದಲು ನೋಡಿದ್ದು. ನಾನೇ ಪೊಲೀಸರಿಗೆ ಫೋನ್ ಮಾಡಿದ್ದು."

"ಒಳ್ಳೇ ಕೆಲಸ ಮಾಡಿದ್ರಿ!" ಎಂದೆ. ಮನಸ್ಸಿನಲ್ಲಿ ನಿಜಕ್ಕೂ ಸಿಟ್ಟು ಬಂದಿತ್ತು. ವಾಷಿಂಗ್ ಮಷೀನಿಗೆಂದು ಬೆಳಗಿನ ಜಾವ ಎದ್ದು ಬಂದರೆ ಇದೊಂದು ಅಪಶಕುನ! "ಎಂಥ ಬೇಜವಾಬ್ದಾರಿ ಜನ! ಇಂಥವರನ್ನ ಹಿಡಿದು ಒಳಗೆ ಹಾಕಬೇಕು" ಎಂದು ಅಕ್ಕಪಕ್ಕದವರಿಗೂ ಕೇಳುವಂತೆ ಹೇಳಿದೆ. ನಾಲ್ಕಾರು ಜನ ತಲೆಯಾಡಿಸಿದರು. ಪರದೇಶದಲ್ಲಿ ನನ್ನ ಮಾತಿಗೆ ಅಷ್ಟು ಜನ ತಲೆಯಾಡಿಸಿದ್ದು ಅದೇ ಮೊದಲು. ಉತ್ಸಾಹ ತಡೆಯಲಾರದೆ ಮನೆಗೆ ಫೋನ್ ಮಾಡಿದೆ.

"ಏನ್ ಗೊತ್ತೇನೇ, ಇಲ್ಲಿ ಭಾರಿ ತಮಾಷೆ! ಯಾವನೋ ಪುಣ್ಯಾತ್ಮ ಅಂಗಡಿ ಬಾಗಿಲಲ್ಲಿ ಬ್ಯಾಗ್ ಇಟ್ಟು ಪರಾರಿಯಾಗಿದಾನೆ. ಪೊಲೀಸು, ನಾಯಿ, ಎಲ್ಲ ಬಂದಿದೆ!"

"ಅಯ್ಯೋ ದೇವರೇ! ರೀ, ನೀವು ದೂರ ನಿಂತ್ಕೊಳ್ರೀ!"

"ದೂರಾನೇ ಇದೀನಿ ಬಿಡು. ನಾಯಿ ಈಗ ಬ್ಯಾಗ್ ಮೂಸ್ತಾ ಇದೆ. ಅರೆ, ಸೀನ್ತಾ ಇದೆ ಕಣೇ! ಒಂದು... ಎರಡು... ಮೂರು ಸಲ ಸೀನ್ತು. ಈಗ ಅಲ್ಲೇ ಕೂತ್ಬಿಡ್ತು. ಎಳೆದ್ರೂ ಏಳ್ತಿಲ್ಲ."

"ಎಂಥ ಬ್ಯಾಗಂತೆ?"

"ನೀಲಿ ಬ್ಯಾಗಂತೆ. ಇಲ್ಲೊಬ್ಬಳು ಅಜ್ಜಿ ಹೇಳಿದ್ಳು."

"ನಮ್ಮದೂ ನೀಲೀನೇ ಅಲ್ವಾ?"

"ಹೌದೌದು. ನೀಲಿ ಬ್ಯಾಗ್ ಯಾರ ಹತ್ರ ಇರಲ್ಲ!"

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು ಕೇಳಿತು.

"ರೀ, ನಮ್ಮ ಬ್ಯಾಗ್ ಎಲ್ಲಿದೆ?"

"ಲೈನಲ್ಲಿದೆ."

"ನೀವೆಲ್ಲಿದೀರಾ?"

"ನಾನಾ? ನಾನು ಲೈನಲ್ಲಿ... ಅಂದ್ರೆ... ಕರ್ಚೀಫು ಹಾಕಿ..."

ತಿರುಗಿ ಅಂಗಡಿಯ ಕಡೆ ನೋಡಿದೆ. ನೂರು ಗಜ ದೂರದಲ್ಲಿ, ಬಾಗಿಲ ಹಿಡಿಯಲ್ಲಿ, ನನ್ನ ಕೆಂಪು ಕರ್ಚೀಫು ಗಾಳಿಗೆ ಆಡುತ್ತಿತ್ತು. ಬಾಂಬು ಪರೀಕ್ಷಿಸುವವರ ದಪ್ಪ ಅಂಗಿ ತೊಟ್ಟ ಒಬ್ಬಾತ ದೂರದಿಂದಲೇ ಅದರ ಗಂಟನ್ನು ದುರ್ಬೀನಿನಲ್ಲಿ ಪರೀಕ್ಷಿಸುತ್ತಿದ್ದ.

"ನಂಗೆ ಗೊತ್ತಿತ್ತು!" ಎಂದಳು ಹೆಂಡತಿ. "ಪರದೇಶದಲ್ಲಿ ಹೋಗಿ ಕರ್ಚೀಫು ಹಾಕ್ತಾರೇನ್ರೀ ಯಾರಾದ್ರೂ? ಈಗ ಹೋಗಿ ಒಪ್ಕೊಳ್ಳಿ!"

"ಮೆಲ್ಲಗೆ ಮನೆಗೆ ಬಂದ್ಬಿಡ್ಲಾ? ಯಾರೂ ನೋಡಿಲ್ಲ..."

"ಅದರೊಳಗೆ ನಮ್ಮಮ್ಮ ಕೊಟ್ಟ ಸ್ಟೀಲ್ ಡಬ್ಬಿ ಇದೆ! ಅವರು ಅದನ್ನ ಸಿಡಿಸಿ ಗಿಡಿಸಿದ್ರೆ, ಮನೆಗೆ ಬನ್ನಿ, ಆಮೇಲೆ ನಾನಿದೀನಿ. ಒಪ್ಕೊಳ್ಳಿ ಮೊದಲು. ನಾನು ಹೊರಟೆ, ಬಸ್ ಹಿಡಿದು ಬರ್ತೀನಿ."

ಮುಂದೆ ಪೊಲೀಸರು, ಹಿಂದೆ ಅತ್ತೆಯವರ ಡಬ್ಬಿ. ಪೊಲೀಸರಾದರೆ ಕಾನೂನಿನ ಪ್ರಕಾರ ಶಿಕ್ಷೆ ಕೊಡುತ್ತಾರೆ. ಎರಡೂ ಕೈ ಮೇಲೆತ್ತಿ ಪಟ್ಟಿಯ ಹತ್ತಿರ ಹೋಗಿ, "ಬ್ಯಾಗ್ ನನ್ನದು" ಎಂದೆ. ಅಜ್ಜಿ ತಿರುಗಿ ನೋಡಿದಳು. ನನ್ನನ್ನು ಮೇಲಿಂದ ಕೆಳಗೆ ಅಳೆದಳು.

"ಒಳಗೆ ಹಾಕಬೇಕು ಅಂದಿದ್ದು ನೀನೇ ಅಲ್ವಾ?" ಎಂದಳು.

ಒಳಗೇ ಹಾಕಿದರು, ಪೊಲೀಸ್ ವ್ಯಾನಿನ ಒಳಗೆ. ಎದುರಿಗೆ ಆರಡಿ ಎತ್ತರದ ಪೊಲೀಸಮ್ಮ ಕೂತು, ಪುಸ್ತಕ ತೆರೆದಳು.

"ಬ್ಯಾಗನ್ನು ಬಾಗಿಲಿಗೆ ಬಟ್ಟೆಯಿಂದ ಯಾಕೆ ಕಟ್ಟಿದ್ದೀರಿ?"

"ಜಾಗ ಹಿಡಿಯೋಕೆ."

"ಬಟ್ಟೆ ಹೇಗೆ ಜಾಗ ಹಿಡಿಯುತ್ತೆ?"

"ನಮ್ಮ ದೇಶದಲ್ಲಿ ಹಿಡಿಯುತ್ತೆ. ಬಟ್ಟೆ ಇದ್ದರೆ ನಾನು ಇದ್ದ ಹಾಗೆ. ಅಂದ್ರೆ, ಆ ಬಟ್ಟೆಯೇ ನಾನು."

ಪೊಲೀಸಮ್ಮ ಪೆನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆಮೇಲೆ ಬರೆದುಕೊಂಡಳು. ತಲೆಕೆಳಗಾಗಿ ಓದಿದರೂ ನನಗೆ ಅರ್ಥವಾಯಿತು: 'ತಾನೇ ಬಟ್ಟೆ ಎನ್ನುತ್ತಾನೆ.'

"ಯಾರಾದರೂ ಆ ಬಟ್ಟೆ ತೆಗೆದು ಎಸೆದು ಅಲ್ಲಿ ಕೂತರೆ?"

"ಜಗಳ ಆಗುತ್ತೆ."

"ಎಂಥ ಜಗಳ?"

"ದೊಡ್ಡದೇನಲ್ಲ. ಮುಂದಿನ ಸ್ಟಾಪ್ ಬರೋವರೆಗೆ."

ಅದನ್ನೂ ಬರೆದುಕೊಂಡಳು. ಕರ್ಚೀಫು ಎಂಬ ಮಹಾಸಂಸ್ಥೆಯನ್ನು ಪರದೇಶದ ಸರ್ಕಾರಿ ದಾಖಲೆಗೆ ಸೇರಿಸಿದ ಮೊದಲಿಗ ನಾನೇ ಇರಬೇಕು. ಒಂದು ವಿಷಯದಲ್ಲಾದರೂ ಮೊದಲಿಗನಾದೆನಲ್ಲ!

"ನಾಯಿ ಯಾಕೆ ಸೀನಿ ಕೂತಿತು? ಒಳಗೆ ಯಾವ ರಾಸಾಯನಿಕ ಇದೆ?"

ನನಗೆ ಥಟ್ಟನೆ ಹೊಳೆಯಿತು. ನನ್ನಾಕೆ ಒಗ್ಗರಣೆಗೆ ಇಂಗು ಹಾಕುವುದರಲ್ಲಿ ಧಾರಾಳಿ. ಆದರೆ ಇಂಗಿಗೆ ಅವರ ಭಾಷೆಯಲ್ಲಿ ಏನೆನ್ನುತ್ತಾರೆ? ಗಿಡದ ಅಂಟು, ಒಣಗಿಸಿ ಪುಡಿ ಮಾಡಿದ್ದು, ಚಿಟಿಕೆ ಹಾಕಿದರೆ ಸಾಕು, ಇಡೀ ಕಟ್ಟಡಕ್ಕೆ ಗೊತ್ತಾಗುತ್ತದೆ ಎಂದೆ. ಪೊಲೀಸಮ್ಮನ ಹುಬ್ಬು ಮೇಲೇರಿತು. ಯಾತಕ್ಕೆ ಬಳಸುತ್ತೀರಿ ಎಂದು ಕೇಳಿದಳು. ಹೊಟ್ಟೆ ಉಬ್ಬರಕ್ಕೆ ಎನ್ನಲು ನನಗೆ ಮಾತು ಬರಲಿಲ್ಲ. ಬಂದದ್ದು ಒಂದೇ ಪದ.

"ಗ್ಯಾಸ್" ಎಂದೆ.

ವ್ಯಾನಿನ ಬಾಗಿಲಲ್ಲಿದ್ದ ಇಬ್ಬರು ಪೊಲೀಸರು ಎರಡು ಹೆಜ್ಜೆ ಹಿಂದೆ ಸರಿದರು. ದಪ್ಪ ಅಂಗಿಯವನಿಗೆ ವೈರ್‌ಲೆಸ್ಸಿನಲ್ಲಿ ಸುದ್ದಿ ಹೋಯಿತು. ಅವನು ಐವತ್ತು ಹೆಜ್ಜೆ ಹಿಂದೆ ಸರಿದ. ನಾಯಿ ಮಾತ್ರ ಕೂತಲ್ಲೇ ಕೂತು ಬ್ಯಾಗಿನ ಕಡೆ ಆಸೆಯಿಂದ ನೋಡುತ್ತಿತ್ತು.

"ನನ್ನ ಹೆಂಡತಿಯನ್ನ ಕೇಳಿ! ಅವಳಿಗೆ ನಿಮ್ಮ ಭಾಷೆ ಚೆನ್ನಾಗಿ ಬರುತ್ತೆ. ಬ್ಯಾಗ್ ತುಂಬಿದ್ದೂ ಅವಳೇ!" ಎಂದು ಅಂಗಲಾಚಿದೆ.

ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಬಸ್ಸಿನ ಸದ್ದಿನ ನಡುವೆ ನನ್ನಾಕೆಯ ದನಿ ಸ್ಪಷ್ಟವಾಗಿ ಬಂತು. ಮೂರು ಅಂತಸ್ತಿನ ಸ್ಟೀಲ್ ಡಬ್ಬಿ, ಅದರಲ್ಲಿ ಬೆಳಗಿನ ತಿಂಡಿ. ಒಂದು ಫ್ಲಾಸ್ಕಿನಲ್ಲಿ ಬಿಸಿ ಕಾಫಿ. ಕಿವಿ ಮುಚ್ಚಿಕೊಳ್ಳಲು ಮಫ್ಲರು. ಕೂರಲು ಮಡಚಿದ ಚಾಪೆ. ಕಾಲು ಬೇಗ ತಣ್ಣಗಾಗುತ್ತೆ ಅವರಿಗೆ, ಅದಕ್ಕೆ ಎರಡು ಜೊತೆ ಉಣ್ಣೆಯ ಕಾಲುಚೀಲ.

ಕೇಳುತ್ತಾ ಕೇಳುತ್ತಾ ನನ್ನ ಕಣ್ಣು ತುಂಬಿ ಬಂತು. ಬ್ಯಾಗಿನೊಳಗೇ ಬಿಸಿ ಕಾಫಿ ಇತ್ತು! ಒಮ್ಮೆ ಜಿಪ್ ಎಳೆದು ನೋಡಿದ್ದರೆ, ಅಲ್ಲೇ ಮಫ್ಲರು ಸುತ್ತಿ, ಚಾಪೆ ಹಾಸಿ, ರಾಜನಂತೆ ಕೂತಿರಬಹುದಿತ್ತು. ನಸುಕಿನಲ್ಲೇ ಎದ್ದು ಇಷ್ಟೆಲ್ಲ ತುಂಬಿಸಿದವಳಿಗೆ ನಾನು ಕೊಡಲಿದ್ದದ್ದು ಒಂದು ಮಷೀನು. ಅದಕ್ಕೂ ಕಲ್ಲು ಹಾಕಿಕೊಂಡೆ.

ಬ್ಯಾಗು ತೆರೆದರು. ಒಳಗೆ ಅವಳು ಹೇಳಿದ್ದೇ ಇತ್ತು. ಮೇಲಿನ ಡಬ್ಬಿಯ ಮುಚ್ಚಳ ತೆಗೆದದ್ದೇ ನಾಯಿ ಬಾಲ ಅಲ್ಲಾಡಿಸಿತು. ದಪ್ಪ ಅಂಗಿಯವನು ಕರ್ಚೀಫಿನ ಗಂಟು ಬಿಚ್ಚಲು ಹೆಣಗಿ, ಕೊನೆಗೆ ಕತ್ತರಿಸಿದ. ಆದರೂ ಮುಂಬಾಗಿಲನ್ನು ಪೂರ್ತಿ ಪರೀಕ್ಷೆ ಆಗುವವರೆಗೆ ತೆರೆಯುವಂತಿಲ್ಲವಂತೆ. ನನಗಂತೂ ಇನ್ನು ಮುಂದೆ ಸಾರ್ವಜನಿಕ ಸ್ಥಳದಲ್ಲಿ ವಸ್ತುಗಳನ್ನು ಬಿಟ್ಟು ಹೋಗುವುದಿಲ್ಲ ಎಂದು ಮೂರು ಪ್ರತಿ ಮುಚ್ಚಳಿಕೆ ಬರೆಯಲು ಕೂರಿಸಿದರು.

ಮೊದಲ ಪ್ರತಿ ಬರೆಯುತ್ತಿದ್ದಾಗ ಒಂಬತ್ತು ಹೊಡೆಯಿತು. ವ್ಯಾನಿನ ಕಿಟಕಿಯಿಂದ ನೋಡುತ್ತೇನೆ, ಪಾರ್ಕಿನಲ್ಲಿದ್ದ ಜನರೆಲ್ಲ ಎದ್ದು ದಡದಡ ಓಡುತ್ತಿದ್ದಾರೆ! ಮುಂಬಾಗಿಲು ಮುಚ್ಚಿದೆಯೆಂದು ಅಂಗಡಿಯವರು ಸರಕು ಇಳಿಸುವ ಹಿಂಬಾಗಿಲನ್ನು ತೆರೆದಿದ್ದಾರೆ ಎಂದು ಪೊಲೀಸಮ್ಮ ಹೇಳಿದಳು. ಅಜ್ಜಿಯೂ ಗಾಲಿಯ ಚೀಲ ಎಳೆದುಕೊಂಡು, ಆ ವಯಸ್ಸಿಗೆ ನಂಬಲಾಗದ ವೇಗದಲ್ಲಿ ಮೂಲೆ ತಿರುಗಿದಳು. ಲೆಕ್ಕ ಹಾಕಿದೆ. ನಲವತ್ತು ಜನರಾದರೂ ಇದ್ದರು. ಇರುವುದು ಹತ್ತು ಮಷೀನು. ನಾನು ಎರಡನೆಯ ಪ್ರತಿಯಲ್ಲಿದ್ದೆ.

ಅವಳು ಬಂದರೆ ಏನು ಹೇಳಲಿ? ಮುಂದಿನ ತಿಂಗಳು ಎನ್ನಲೇ? ಆ ಮಾತು ನನ್ನ ಬಾಯಿಂದಲೇ ಎಂಟು ಸಲ ಬಂದಿತ್ತು. ಒಂಬತ್ತನೆಯ ಸಲ ಹೇಳುವ ಮುಖ ನನಗಿರಲಿಲ್ಲ. ಅವಳು ಗೋಡೆಗೆ ಒರಗಿ ನಿಂತದ್ದೇ ಕಣ್ಣಮುಂದೆ ಬರುತ್ತಿತ್ತು. ಟೀವಿಯನ್ನು ಮಾರಿ ಮಷೀನು ತರಬೇಕು ಎಂದು ಮೂರನೆಯ ಪ್ರತಿ ಬರೆಯುತ್ತಾ ನಿಶ್ಚಯಿಸಿದೆ. ನನ್ನ ಆ ದಿನದ ತೀರ್ಮಾನಗಳಲ್ಲಿ ಬುದ್ಧಿ ಇದ್ದದ್ದು ಅದೊಂದರಲ್ಲೇ.

ಕೊನೆಯ ಸಹಿ ಹಾಕುವಷ್ಟರಲ್ಲಿ ವ್ಯಾನಿನ ಬಾಗಿಲಲ್ಲಿ ಹೆಂಡತಿ ಪ್ರತ್ಯಕ್ಷಳಾದಳು. ಅವಳ ಮುಖದಲ್ಲಿ ಸಿಟ್ಟಿಲ್ಲ! ಅದನ್ನು ನೋಡಿ ನನಗೆ ಇನ್ನಷ್ಟು ಭಯವಾಯಿತು.

"ತಪ್ಪಾಯ್ತು ಕಣೇ" ಎಂದೆ. "ಮಷೀನು ಕೈತಪ್ಪಿತು. ನಂದೇ ತಪ್ಪು. ನಾಳೆಯಿಂದ ಬಟ್ಟೆ ಗಂಟು ನಾನೇ ಹೊರ್ತೀನಿ. ಯಾರ ಕೂಸಿನ ಅಂಗೀನೂ ತರಲ್ಲ, ಆಣೆ ಮಾಡ್ತೀನಿ."

"ಯಾಕೆ ಹೊರ್ತೀರಾ? ಮಂಗಳವಾರ ಮನೆಗೇ ತಂದು ಜೋಡಿಸ್ತಾರಂತೆ" ಎಂದು ಅವಳು ಒಂದು ರಸೀದಿಯನ್ನು ನನ್ನ ಮೂಗಿನ ಮುಂದೆ ಹಿಡಿದಳು. ರಸೀದಿಯ ತಲೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ಗಿರಾಕಿ ಸಂಖ್ಯೆ ಒಂದು!

ರಸೀದಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ.

"ಶನಿವಾರ ಬಸ್ಸು ಗಂಟೆಗೊಂದೇ. ಈ ರಸ್ತೆ ಮುಚ್ಚಿದ್ರಲ್ಲ, ನಿಲ್ಸಿದ್ದೇ ಹಿಂದಿನ ರಸ್ತೇಲಿ ಕಣ್ರೀ. ಇಳಿದ್ರೆ ಎದುರಿಗೇ ಒಂದು ಬಾಗಿಲು. ಅಂಗಡಿಯವನು ಆಗಷ್ಟೇ ಬೀಗ ತೆಗೀತಿದ್ದ. ಪೊಲೀಸ್ ವ್ಯಾನ್ ಎಲ್ಲಿದೆ ಅಂತ ಕೇಳಿದ್ರೆ, ಅದು ಆ ಕಡೆ, ಲೈನ್ ಇಲ್ಲಿಂದಾನೇ ಶುರು, ಬರ್ತೀರಾ ಅಂದ. ಬಂದೆ ಅಂದೆ."

"ಅಂದ್ರೆ, ಗಂಡ ಪೊಲೀಸರ ಕೈಲಿದ್ದಾನೆ ಅಂತ ಗೊತ್ತಿದ್ರೂ ನೀನು ಮೊದಲು ಮಷೀನ್ ತಗೊಂಡ್ಯಾ?"

"ಮಷೀನು ಹತ್ತೇ ಇತ್ತು ರೀ. ನೀವೆಲ್ಲಿಗೆ ಹೋಗ್ತೀರಾ? ಪೊಲೀಸರ ಹತ್ರ ಭದ್ರವಾಗಿದ್ರಲ್ಲ."

ಮುಖ ಗಂಟಿಕ್ಕಲು ನೋಡಿದೆ. ಖುಷಿಯಾಗಿತ್ತು ಎನ್ನುವುದು ಮಾತ್ರ ನಿಜ. ಅವಳು ರಸೀದಿಯನ್ನು ಮಡಚಿ ಪರ್ಸಿನೊಳಗೆ ಇಟ್ಟುಕೊಂಡ ರೀತಿ ನೋಡಿದರೆ ಯಾರಿಗಾದರೂ ಖುಷಿಯಾಗುತ್ತಿತ್ತು.

ಅಷ್ಟರಲ್ಲಿ ಪೊಲೀಸಮ್ಮ ನೀಲಿ ಬ್ಯಾಗು ಹಿಡಿದು ಬಂದಳು. ಡಬ್ಬಿ, ಫ್ಲಾಸ್ಕು, ಮಫ್ಲರು, ಚಾಪೆ, ಕಾಲುಚೀಲ, ಎಲ್ಲ ಒಂದೊಂದಾಗಿ ಎಣಿಸಿ ನನ್ನಾಕೆಯ ಕೈಗೆ ಒಪ್ಪಿಸಿ ಸಹಿ ಹಾಕಿಸಿಕೊಂಡಳು.

"ಕ್ಷಮಿಸಿ, ನಿಮಗೆಲ್ಲ ತುಂಬಾ ತೊಂದರೆ ಆಯ್ತು" ಎಂದಳು ಇವಳು, ಸಂಕೋಚದಿಂದ. "ಇನ್ನು ಮೇಲೆ ಬ್ಯಾಗನ್ನ ಎಲ್ಲೂ ಬಿಡಲ್ಲ."

"ಬ್ಯಾಗಿನ ಮೇಲೆ ನಮಗೆ ಯಾವ ದೂರೂ ಇಲ್ಲಮ್ಮ" ಎಂದಳು ಪೊಲೀಸಮ್ಮ. "ಅದು ಪಾಪ, ಇಟ್ಟಲ್ಲೇ ಇತ್ತು." ಆಮೇಲೆ ಪೆನ್ನಿನ ತುದಿಯನ್ನು ನನ್ನ ಕಡೆ ತೋರಿಸಿದಳು. "ಇವರನ್ನ ಮಾತ್ರ ಇನ್ನು ಮುಂದೆ ಸಾರ್ವಜನಿಕ ಸ್ಥಳದಲ್ಲಿ ಒಂಟಿಯಾಗಿ ಬಿಟ್ಟು ಹೋಗಬೇಡಿ."